ಇಳಕಲ್ ಸೀರೆಯ ತಾಣಕ್ಕೆ ನಾನು ಬಣ್ಣ ಹೊಂದಿಸಿದ ಬಗೆ

ಜಾಲತಾಣದ ವಿನ್ಯಾಸಕ್ಕೆ ಕುಳಿತಾಗ ನಾನು ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಪುಟ ಮೊದಲು ಕಪ್ಪು, ಬಿಳಿ, ಬೂದುಗಳಲ್ಲೇ ನಿಲ್ಲಬೇಕು. ಇಳಕಲ್ ಸೀರೆ ಮಾರುವ ಅಂಗಡಿಯೊಂದಕ್ಕೆ ಕೆಲಸ ಮಾಡುವಾಗ ಇದೇ ಬೂದು ಕರಡನ್ನು ಯಜಮಾನರ ಮುಂದಿಟ್ಟೆ. "ಇದೇನು ತಮ್ಮಾ, ಶ್ರದ್ಧಾಂಜಲಿ ಜಾಹೀರಾತಿನ ಹಾಗಿದೆಯಲ್ಲ!" ಎಂದರು. ಬೆಲೆ ಎಲ್ಲಿದೆ, ಕೊಳ್ಳುವ ಗುಂಡಿ ಎಲ್ಲಿದೆ ತೋರಿಸಿ ಎಂದೆ. ತಡವರಿಸದೆ ಬೆರಳಿಟ್ಟರು. ನನಗೆ ಬೇಕಿದ್ದದ್ದು ಅಷ್ಟೇ. ಬೂದಿನಲ್ಲಿ ಕಾಣದ ಗುಂಡಿಗೆ ಕೆಂಪು ಬಳಿದರೆ ಅದು ಕಣ್ಣಿಗೆ ಚುಚ್ಚೀತೇ ಹೊರತು ಅದರ ಜಾಗ ಸರಿಹೋಗುವುದಿಲ್ಲ.

ಬಣ್ಣಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಸೀರೆಯಲ್ಲೇ ಇದ್ದವು. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಸೇರಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು ಏಳುತ್ತವೆ. ವಿನ್ಯಾಸಕಾರರು ಶೇಕಡಾ 60, 30, 10 ಎಂದು ಬಣ್ಣ ಹಂಚುವ ಸೂತ್ರವೊಂದನ್ನು ಹೇಳುತ್ತಾರಲ್ಲ, ಒಡಲು, ಸೆರಗು, ದಡಿ ಎಂದು ವಿವರಿಸಿದಾಗ ಯಜಮಾನರಿಗೆ ಅದು ನನಗಿಂತ ಚೆನ್ನಾಗಿ ಅರ್ಥವಾಯಿತು. ಲೆಕ್ಕ ಕಟ್ಟುನಿಟ್ಟಾಗಿ ಹಾಗೇ ಇರಬೇಕೆಂದೇನಿಲ್ಲ. ಒಂದು ಬಣ್ಣಕ್ಕೆ ಯಜಮಾನಿಕೆ, ಒಂದಕ್ಕೆ ಜೊತೆ, ಒಂದಕ್ಕೆ ಬರೀ ಮಿಂಚುವ ಕೆಲಸ ಎಂದಿಟ್ಟುಕೊಂಡರೆ ಸಾಕು.

ಸೆರಗಿನ ಫೋಟೊದಿಂದ ತೆಗೆದ ಕೆಂಪು, ಪರದೆಯ 0ಯಿಂದ 255ರ ಅಳತೆಯಲ್ಲಿ, ಹೀಗಿತ್ತು: ಕೆಂಪು 161, ಹಸಿರು 18, ನೀಲಿ 43. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್, ಅಂದರೆ ಎರಡು ಬಣ್ಣಗಳ ಬೆಳಕಿನ ಅನುಪಾತ, ಹೆಚ್ಚುಕಡಿಮೆ 8:1. ಅಂತರಜಾಲದ ಸುಲಭಲಭ್ಯತೆಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು 4.5:1, ದೊಡ್ಡ ಅಕ್ಷರಕ್ಕೆ 3:1. ಹಾಗಾಗಿ ಈ ಕೆಂಪನ್ನು ಅಕ್ಷರಕ್ಕೂ ಗುಂಡಿಗೂ ಧೈರ್ಯವಾಗಿ ಬಳಸಿದೆ. ಜರಿಯ ಹೊನ್ನಿನ ಬಣ್ಣದ ಕಥೆ ಬೇರೆ. 212, 160, 23 ಎಂಬ ಆ ಹೊನ್ನು ಬಿಳಿಯ ಮೇಲೆ 2.4:1 ಕೂಡ ಮುಟ್ಟುವುದಿಲ್ಲ. ಬೆಲೆಯನ್ನು ಹೊನ್ನಿನಲ್ಲೇ ಬರೆಯಬೇಕೆಂದು ಯಜಮಾನರಿಗೆ ಬಹಳ ಆಸೆಯಿತ್ತು. ಮೊಬೈಲ್ ಹಿಡಿದುಕೊಂಡು ಅವರನ್ನು ಅಂಗಡಿಯ ಹೊರಗೆ ಬಿಸಿಲಿಗೆ ಕರೆದುಕೊಂಡು ಹೋದೆ. ಅಲ್ಲಿ ಬೆಲೆಯೇ ಮಾಯ. ಅದೇ ಹೊನ್ನನ್ನು ಪುಟದ ಅಡಿಯ ಕಡುಕಂದು ಪಟ್ಟಿಯ ಮೇಲೆ ಇಟ್ಟಾಗ ಕಾಂಟ್ರಾಸ್ಟ್ 7:1 ದಾಟಿತು, ಅಲ್ಲಿಯೇ ಉಳಿಸಿದೆ.

ಕನ್ನಡದ ತಾಣಗಳಲ್ಲಿ ನಾನು ಮಾನದಂಡದ 4.5:1ರ ಕನಿಷ್ಠ ಮಿತಿಗೆ ತೃಪ್ತನಾಗುವುದಿಲ್ಲ. ಅಕ್ಷರದ ಕೆಳಗೆ ಕೂರುವ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಗೆರೆಯೂ ಇಕ್ಕಟ್ಟಿನದು. "ಕ್ಷ"ದ ಹೊಟ್ಟೆ, "ಷ್ಟ್ರ"ದ ಬಾಲ ತಿಳಿಬೂದು ಬಣ್ಣದಲ್ಲಿ ಮೊದಲು ಕರಗಿ ಹೋಗುವ ಭಾಗಗಳು. ಇಂಗ್ಲಿಷ್ ಅಕ್ಷರ ಆರಾಮವಾಗಿ ಓದಿಸಿಕೊಳ್ಳುವ ಬೂದಿನಲ್ಲಿ ಕನ್ನಡ ತಿಣುಕುತ್ತದೆ. ಸೀರೆಯ ವಿವರಣೆಗೆ 7:1ಕ್ಕಿಂತ ಕಡಿಮೆ ಇಡುವುದಿಲ್ಲ ಎಂಬುದು ನನ್ನದೇ ನಿಯಮ.

ಬಣ್ಣದ ತಿಳಿ-ಗಾಢ ಛಾಯೆಗಳನ್ನು ಮಾಡುವಾಗ ಹಳೆಯ ಎಚ್‌ಎಸ್‌ಎಲ್ (ವರ್ಣ, ಸಾಂದ್ರತೆ, ಹೊಳಪು ಎಂಬ ಮೂರು ಅಳತೆಗಳಲ್ಲಿ ಬಣ್ಣ ಹೇಳುವ) ಪದ್ಧತಿಯನ್ನು ನಾನು ನಂಬುವುದಿಲ್ಲ. ಅದರಲ್ಲಿ ಅಚ್ಚ ಹಳದಿಗೂ ಅಚ್ಚ ನೀಲಿಗೂ ಹೊಳಪು ಒಂದೇ, ಶೇಕಡಾ 50. ಬಿಳಿಯ ಮೇಲೆ ಆ ಹಳದಿ 1.07:1, ನೀಲಿ 8.6:1! ಹಸಿರಿಗೆ ಕಣ್ಣು ಹೆಚ್ಚು ಸ್ಪಂದಿಸುತ್ತದೆ, ನೀಲಿಗೆ ತೀರ ಕಡಿಮೆ. ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಶೇಕಡಾ 71ಕ್ಕೂ ಮಿಗಿಲು, ನೀಲಿಯದು 7ರ ಆಸುಪಾಸು. ಬ್ಯೋರ್ನ್ ಒಟ್ಟೊಸನ್ 2020ರಲ್ಲಿ ರೂಪಿಸಿದ ಓಕೆಲ್ಯಾಬ್ ಎಂಬ ಬಣ್ಣದ ಪದ್ಧತಿ ಇದನ್ನು ಗಮನದಲ್ಲಿಟ್ಟುಕೊಂಡಿದೆ. ಅದರ ಓಕೆಎಲ್‌ಸಿಎಚ್ ರೂಪ ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಕೆಂಪಿನ ಐದಾರು ಛಾಯೆಗಳನ್ನು ಅದರಲ್ಲೇ ಮಾಡಿಕೊಂಡೆ.

ಹೆಚ್ಚು ತಲೆ ತಿಂದದ್ದು ಫೋಟೊಗಳ ಸುತ್ತಲಿನ ಹಿನ್ನೆಲೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್‌ಗೆ, ಕಪ್ಪು ಬಣ್ಣ ಪೇಲವ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ಐಬಿರಲಿಲ್ಲ, ಪಕ್ಕದ ನೂಲಿನ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವನು ಇದನ್ನೇ ನಿಯಮವಾಗಿ ಪ್ರಕಟಿಸಿದ. ನನ್ನ ಪುಟದಲ್ಲೂ ಅದೇ ಆಟ. ಕೆನೆಬಣ್ಣದ ಹಿನ್ನೆಲೆಯ ಮೇಲೆ ನವಿಲುಬಣ್ಣದ ಸೀರೆ ನೀಲಿಯ ಕಡೆಗೆ ವಾಲಿದಂತೆ ಕಂಡಿತು. ತಟಸ್ಥ ತಿಳಿಬೂದಿನ ಮೇಲೆ ಇಟ್ಟಾಗ ಕೈಯಲ್ಲಿರುವ ಸೀರೆಗೆ ಹತ್ತಿರ ಬಂತು. ಸೀರೆ ಮಾರುವ ಪುಟದಲ್ಲಿ ಇದು ಸೌಂದರ್ಯದ ಪ್ರಶ್ನೆಯಷ್ಟೇ ಅಲ್ಲ. ಪರದೆಯಲ್ಲಿ ಒಂದು, ಪೊಟ್ಟಣದಲ್ಲಿ ಇನ್ನೊಂದು ಬಣ್ಣ ಎಂದಾದರೆ ಸೀರೆ ವಾಪಸು ಬರುತ್ತದೆ. ಆದ್ದರಿಂದ ಕೆನೆಬಣ್ಣ ಮುಖಪುಟಕ್ಕೆ ಮಾತ್ರ ಉಳಿಯಿತು.

ಗುಂಡಿಯೇ ಕೆಂಪಾದ ಮೇಲೆ ತಪ್ಪು ತೋರಿಸುವ ಸೂಚನೆಗೆ ಯಾವ ಬಣ್ಣ? ಪಿನ್‌ಕೋಡ್ ತಪ್ಪಾಗಿದೆ ಎಂಬ ಸಾಲೂ "ಕೊಳ್ಳಿ" ಗುಂಡಿಯೂ ಒಂದೇ ಕೆಂಪಿನಲ್ಲಿದ್ದರೆ ಯಾವುದಕ್ಕೂ ಬೆಲೆಯಿಲ್ಲ. ಸೂಚನೆಗೆ ದಪ್ಪ ಗೆರೆಯ ಚೌಕಟ್ಟು, ಒಂದು ಚಿಹ್ನೆ, ಕಡುಕಂದು ಅಕ್ಷರ ಕೊಟ್ಟೆ. ಸರಕು ಇದೆ, ಮುಗಿದಿದೆ ಎಂದು ಹೇಳಲು ಹಸಿರು-ಕೆಂಪು ಚುಕ್ಕೆಗಳು ಸಾಕೆಂದು ಯಜಮಾನರ ಮಗ ವಾದಿಸಿದ. ಕ್ರೋಮ್‌ನಲ್ಲಿ ವರ್ಣಾಂಧತೆಯನ್ನು ಅನುಕರಿಸುವ ಸೌಲಭ್ಯವಿದೆ. ಅದನ್ನು ಒತ್ತಿದಾಗ ಎರಡೂ ಚುಕ್ಕೆಗಳು ಒಂದೇ ಕಂದುಹಳದಿಗೆ ಇಳಿದವು. ಚುಕ್ಕೆಯ ಪಕ್ಕ "ಇದೆ", "ಮುಗಿದಿದೆ" ಎಂಬ ಮಾತು ಸೇರಿತು.

ಈಗ ರಾತ್ರಿ ಮೋಡ್ ಬೇಕು ಎನ್ನುತ್ತಿದ್ದಾರೆ. ಬಣ್ಣಗಳಿಗೆ "ಕೆಂಪು", "ಬೂದು" ಎಂದು ಹೆಸರಿಡದೆ "ಗುಂಡಿ", "ಪಠ್ಯ", "ಹಿನ್ನೆಲೆ" ಎಂದು ಕೆಲಸದ ಹೆಸರನ್ನೇ ಇಟ್ಟಿರುವುದರಿಂದ ಕೋಡ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ತೊಡಕಿರುವುದು ತಿಳಿಬೂದು ಹಿನ್ನೆಲೆಯಲ್ಲಿ ತೆಗೆದ ಸೀರೆಗಳ ಫೋಟೊಗಳಲ್ಲಿ. ಕಪ್ಪು ಪುಟದ ಮೇಲೆ ಅವು ತಗಡಿನ ಹಲಗೆಗಳಂತೆ ಎದ್ದು ನಿಲ್ಲುತ್ತವೆ. ಎಲ್ಲವನ್ನೂ ಮತ್ತೆ ತೆಗೆಯಲು ಯಜಮಾನರು ಖರ್ಚು ಮಾಡುವವರೆಗೆ ನಾನು ಒಪ್ಪುವವನಲ್ಲ.