ಒಬ್ಬರೇ ಹೋಗುವಾಗ ಹೋಟೆಲ್ ರೂಮು: ನಾನು ನೋಡಿಕೊಳ್ಳುವ ರೀತಿ

ಜೊತೆಯಲ್ಲಿ ಇನ್ನೊಬ್ಬರಿದ್ದರೆ ಹೋಟೆಲ್ ರೂಮಿನ ಅರ್ಧ ಚಿಂತೆ ತಾನಾಗಿಯೇ ಕಳೆಯುತ್ತದೆ. ಒಬ್ಬರು ಕೌಂಟರಿನಲ್ಲಿ ಮಾತಾಡುವಾಗ ಇನ್ನೊಬ್ಬರು ಬ್ಯಾಗಿನ ಹತ್ತಿರ ನಿಂತಿರುತ್ತಾರೆ. ರೂಮು ಸರಿಯಿಲ್ಲ ಅನಿಸಿದರೆ "ಬೇಡ, ನಡಿ" ಎನ್ನಲು ಒಂದು ಬಾಯಿ ಇರುತ್ತದೆ. ನಾನು ಒಬ್ಬಳೇ ತಿರುಗುವುದೇ ಜಾಸ್ತಿ, ಉಳಿಯುವುದೂ ಕಡಿಮೆ ದರದ ರೂಮುಗಳಲ್ಲಿ. ಹಾಗಾಗಿ ಆ ಇನ್ನೊಬ್ಬರು ಮಾಡಬೇಕಿದ್ದ ಕೆಲಸವನ್ನೆಲ್ಲ ಮನೆಯಲ್ಲೇ ಕೂತು ಮುಂಚೆಯೇ ಮಾಡಿಟ್ಟುಕೊಳ್ಳುತ್ತೇನೆ. ರಾತ್ರಿ ದಣಿದು ಬ್ಯಾಗು ಹೊತ್ತು ನಿಂತಾಗ ಇದನ್ನೆಲ್ಲ ಯೋಚಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

ನಾನು ಮೊದಲು ನೋಡುವುದು ದರವನ್ನಲ್ಲ, ಮ್ಯಾಪನ್ನು. ಆಪ್‌ನಲ್ಲಿ "ಸ್ಟೇಷನ್‌ನಿಂದ 500 ಮೀಟರ್" ಅಂತ ಇದ್ದರೆ ಅದು ಎಷ್ಟೋ ಸಲ ನೇರ ಗೆರೆ ಎಳೆದ ಅಳತೆ. ನಡುವೆ ರೈಲು ಹಳಿಯೋ ದೊಡ್ಡ ಹೆದ್ದಾರಿಯೋ ಇದ್ದರೆ ನಡೆಯುವ ದಾರಿ ಅದರ ಮೂರು ಪಟ್ಟು ಆಗಬಹುದು. ಅದಕ್ಕೇ ಮ್ಯಾಪಿನಲ್ಲಿ ನಡಿಗೆಯ ದಾರಿಯನ್ನೇ ಹಾಕಿ ನೋಡುತ್ತೇನೆ. ರಸ್ತೆಯ ಫೋಟೊ ಸಿಕ್ಕರೆ ಕೊನೆಯ ತಿರುವಿನಿಂದ ಹೋಟೆಲ್ ಬಾಗಿಲವರೆಗೆ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತೇನೆ. ಬಾಗಿಲು ಮುಖ್ಯ ರಸ್ತೆಗೆ ತೆರೆಯುತ್ತದೋ, ಸಂದಿಯೊಳಗಿದೆಯೋ? ಕೆಳಗಿನ ಅಂಗಡಿಗಳು ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತವೆ? ಬರೀ ಆಫೀಸುಗಳಿರುವ ಬೀದಿ ಹಗಲಲ್ಲಿ ಗಿಜಿಗುಡುತ್ತದೆ, ಸಂಜೆ ಏಳಕ್ಕೆಲ್ಲ ಖಾಲಿ. ಔಷಧಿ ಅಂಗಡಿ, ಊಟದ ಜಾಗ, ಬಸ್ ನಿಲ್ದಾಣ ಹತ್ತಿರ ಇರುವ ಬೀದಿ ಸ್ವಲ್ಪ ಗಲಾಟೆಯಾದರೂ ಒಬ್ಬರೇ ನಡೆದು ಬರುವವರಿಗೆ ಒಳ್ಳೆಯದು.

ಆಮೇಲೆ ದರ. ಹೋಟೆಲಿನವರು ಸಾಮಾನ್ಯವಾಗಿ ಮಾರುವುದು ರೂಮನ್ನು, ತಲೆ ಲೆಕ್ಕ ಅಲ್ಲ. ಹಾಗಾಗಿ ಒಬ್ಬರೇ ಹೋದರೂ ಇಬ್ಬರ ದರವನ್ನೇ ಕೊಡಬೇಕಾಗುತ್ತದೆ. ಆದರೂ ಹುಡುಕುವಾಗ ಜನರ ಸಂಖ್ಯೆಯನ್ನು ಒಂದಕ್ಕೆ ಇಳಿಸಿ ನೋಡಿ. ಆಪ್‌ಗಳಲ್ಲಿ ಅದು ಎರಡು ಅಂತಲೇ ತುಂಬಿರುತ್ತದೆ. ಇಳಿಸಿದಾಗ ಕೆಲವು ಕಡೆ ದರ ಕಡಿಮೆ ಆಗುತ್ತದೆ, ಕೆಲವು ಕಡೆ ಅಲ್ಲಿವರೆಗೆ ಕಾಣದಿದ್ದ ಸಿಂಗಲ್ ರೂಮು ಕಾಣುತ್ತದೆ. ಮೊದಲ ಪುಟದ ದರವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೆರಿಗೆ, ಸೇವಾ ಶುಲ್ಕ ಎಲ್ಲ ಸೇರಿ ದುಡ್ಡು ಕಟ್ಟುವ ಪುಟದಲ್ಲಿ ಎಷ್ಟು ಬರುತ್ತದೋ ಅದೇ ನಿಜವಾದ ದರ. ಅದಕ್ಕೆ ಹೋಗಿಬರುವ ಖರ್ಚನ್ನೂ ಸೇರಿಸುತ್ತೇನೆ. ಊರಾಚೆಯ ಅಗ್ಗದ ರೂಮು ಟ್ಯಾಕ್ಸಿ ಸೇರಿದರೆ ಅಗ್ಗವಾಗಿ ಉಳಿಯುವುದಿಲ್ಲ. ತೀರಾ ಕಡಿಮೆ ದರ ಕಂಡರೆ ಎರಡು ವಿಷಯ ಹುಡುಕುತ್ತೇನೆ: ರೂಮಿಗೆ ಕಿಟಕಿ ಇದೆಯಾ, ಬಾತ್‌ರೂಮು ಒಳಗೇ ಇದೆಯಾ. ಇಲ್ಲದಿದ್ದರೆ ಅದು ವಿವರದ ನಡುವೆ ಎಲ್ಲೋ ಒಂದು ಸಣ್ಣ ಸಾಲಿನಲ್ಲಿ ಇರುತ್ತದೆ.

ರಿವ್ಯೂಗಳನ್ನು ಓದಲು ನಾನು ನಿಜಕ್ಕೂ ಸಮಯ ಕೊಡುತ್ತೇನೆ. ಹೊಸದು ಮೊದಲು ಬರುವಂತೆ ಜೋಡಿಸಿ, ಐದು ಸ್ಟಾರನ್ನೂ ಒಂದು ಸ್ಟಾರನ್ನೂ ಬಿಟ್ಟು ನಡುವಿನವನ್ನು ಓದುತ್ತೇನೆ. ಮೂರು ಸ್ಟಾರ್ ಕೊಟ್ಟವರು ಸಾಮಾನ್ಯವಾಗಿ ಇದ್ದದ್ದನ್ನು ಇದ್ದಂತೆ ಬರೆಯುತ್ತಾರೆ. "ರೂಮು ಚಿಕ್ಕದು, ಬಿಸಿನೀರು ಬೆಳಿಗ್ಗೆ ಮಾತ್ರ, ಆದರೆ ಸ್ವಚ್ಛ" ಅಂತ ಇದ್ದರೆ ಅದರಲ್ಲಿ ನನಗೆ ಬೇಕಾದ್ದೆಲ್ಲ ಇದೆ. ಹೋಟೆಲಿನವರು ಹಾಕಿದ ಫೋಟೊಗಿಂತ ಉಳಿದವರು ತೆಗೆದ ಫೋಟೊ ಮುಖ್ಯ. ಅದರಲ್ಲೂ ಬಾಗಿಲಿನ ಒಳಭಾಗ, ಬಾತ್‌ರೂಮಿನ ಮೂಲೆ, ಕಿಟಕಿಯ ಸರಳು ಕಂಡರೆ ಜೂಮ್ ಮಾಡಿ ನೋಡುತ್ತೇನೆ. ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯವರು ಒಂದೇ ದೂರು ಬರೆದಿದ್ದರೆ ಅದು ನಿಜ ಅಂತಲೇ ತಿಳಿಯುತ್ತೇನೆ. ಕೊಳೆ, ಸದ್ದು ಇಂಥ ದೂರುಗಳನ್ನು ತೂಗಿ ನೋಡಬಹುದು. "ರಾತ್ರಿ ಯಾರೋ ಬಾಗಿಲು ತಟ್ಟಿದರು", "ಸಿಬ್ಬಂದಿ ಕೇಳದೆ ಒಳಗೆ ಬಂದರು" ಎಂಬ ಒಂದೇ ಒಂದು ಸಾಲು ಕಂಡರೂ ಆ ಹೋಟೆಲನ್ನು ಅಲ್ಲಿಗೇ ಬಿಡುತ್ತೇನೆ. ಇದರಲ್ಲಿ ರಾಜಿ ಇಲ್ಲ.

ಬುಕ್ ಮಾಡುವಾಗ ಜನ ಎಡವುವ ಜಾಗ ತಾರೀಖು. ನಿಮ್ಮ ರೈಲು 11ನೇ ತಾರೀಖು ಬೆಳಗಿನ ಜಾವ ಒಂದು ಗಂಟೆಗೆ ತಲುಪುತ್ತದೆ ಅಂದುಕೊಳ್ಳಿ. ಹೋಟೆಲಿನ ಲೆಕ್ಕದಲ್ಲಿ ಅದು 10ನೇ ತಾರೀಖಿನ ರಾತ್ರಿ. 11 ಅಂತ ಬುಕ್ ಮಾಡಿದರೆ ಆ ದಿನ ಮಧ್ಯಾಹ್ನದ ಚೆಕ್ ಇನ್ ವರೆಗೆ ರೂಮು ಸಿಗುವುದಿಲ್ಲ. 10 ಅಂತ ಬುಕ್ ಮಾಡಬೇಕು, ಮಾಡಿ ಸುಮ್ನೆ ಕೂರುವಂತಿಲ್ಲ. ಸಂಜೆ ಬರಲಿಲ್ಲ ಅಂತ ಅವರು ರೂಮನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಬರುವ ಹೊತ್ತನ್ನು ಬರವಣಿಗೆಯಲ್ಲೇ ತಿಳಿಸಿ. ಕ್ಯಾನ್ಸಲ್ ಮಾಡುವ ಗಡುವೂ ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಗಡಿಯಾರದಂತೆ ನಡೆಯುತ್ತದೆ. ಬೇರೆ ದೇಶಕ್ಕೆ ಹೋಗುವವರು ಇದನ್ನು ಗಮನಿಸಬೇಕು. ಒಬ್ಬರೇ ಹೋಗುವಾಗ ನಾನು ಸ್ವಲ್ಪ ಜಾಸ್ತಿ ಕೊಟ್ಟಾದರೂ ಕ್ಯಾನ್ಸಲ್ ಮಾಡಬಹುದಾದ ದರವನ್ನೇ ಆರಿಸುತ್ತೇನೆ. ಮೊದಲ ರಾತ್ರಿಗೆ ಮಾತ್ರ ಬುಕ್ ಮಾಡಿ, ಹಿಡಿಸಿದರೆ ಮುಂದುವರಿಸುವುದು ಇನ್ನೂ ಒಳ್ಳೆಯದು. ಆದರೆ ಹಬ್ಬ, ಪರೀಕ್ಷೆ, ದೊಡ್ಡ ಸಮ್ಮೇಳನ ಇರುವ ದಿನಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಬುಕ್ ಆದ ಮೇಲೆ, ಹೊರಡುವ ಹಿಂದಿನ ದಿನ, ಫೋನ್ ಮಾಡುತ್ತೇನೆ. ಇದನ್ನು ಯಾವತ್ತೂ ತಪ್ಪಿಸುವುದಿಲ್ಲ. ಬರದೆ ಉಳಿಯುವವರು ಇದ್ದೇ ಇರುತ್ತಾರೆ ಅಂತ ಹೋಟೆಲುಗಳು ಇರುವ ರೂಮಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳುವುದುಂಟು. ಎಲ್ಲರೂ ಬಂದುಬಿಟ್ಟರೆ ತೊಂದರೆ ಕೊನೆಗೆ ಬಂದವರಿಗೆ, ಅದರಲ್ಲೂ ಒಂದೇ ರಾತ್ರಿ ಉಳಿಯುವವರಿಗೆ. ಮೊದಲೇ ಮಾತಾಡಿದ್ದರೆ ನಾವು ಅವರಿಗೆ ಪಟ್ಟಿಯಲ್ಲಿರುವ ಬರೀ ಒಂದು ಹೆಸರಾಗಿ ಉಳಿಯುವುದಿಲ್ಲ. ಜೊತೆಗೆ, ಆ ಎರಡು ನಿಮಿಷದ ಮಾತಿನಲ್ಲಿ ಹೋಟೆಲಿನ ಸ್ವಭಾವ ಗೊತ್ತಾಗುತ್ತದೆ. ಒಮ್ಮೆ ಹೀಗೆ ಕೇಳಿದ್ದೆ:

"ರಾತ್ರಿ ಬಾಗಿಲು ಎಷ್ಟು ಹೊತ್ತಿಗೆ ಹಾಕ್ತೀರಿ?"

"ಹನ್ನೊಂದಕ್ಕೆ ಮೇಡಂ. ಬೆಲ್ ಹೊಡೆದ್ರೆ ತೆಗೀತೀವಿ."

"ಬೆಲ್ ಕೇಳಿಸೋ ಹಾಗೆ ಯಾರಿರ್ತಾರೆ?"

"ಕೌಂಟರ್ ಹಿಂದೇನೇ ನಮ್ಮ ಹುಡುಗ ಮಲಗಿರ್ತಾನೆ ಮೇಡಂ. ನೀವು ಹೊರಟಾಗ ಒಂದು ಫೋನ್ ಮಾಡಿ, ಎದ್ದು ಕೂತಿರೋಕೆ ಹೇಳ್ತೀನಿ."

ಇಂಥ ಉತ್ತರ ಸಿಕ್ಕರೆ ನನಗೆ ನೆಮ್ಮದಿ. ಕೇಳಿದ್ದಕ್ಕಿಂತ ಒಂದು ಮಾತು ಮುಂದೆ ಹೋಗಿ ಯೋಚಿಸಿದ್ದಾರೆ ಅಲ್ವಾ. "ಅದೆಲ್ಲ ಬಂದಾಗ ನೋಡೋಣ" ಎಂಬ ಉತ್ತರ ಬಂದರೆ, ಕ್ಯಾನ್ಸಲ್ ಮಾಡುವ ಗಡುವು ಇನ್ನೂ ಇದೆಯಾ ಅಂತ ನೋಡುತ್ತೇನೆ.

ಈ ನಡುವೆ ಇನ್ನೊಂದು ಎಚ್ಚರಿಕೆ. ಬುಕ್ ಆದ ಮೇಲೆ "ನಿಮ್ಮ ಪಾವತಿ ಖಚಿತವಾಗಿಲ್ಲ, ಈ ಲಿಂಕಿನಲ್ಲಿ ಮತ್ತೆ ಕಾರ್ಡ್ ವಿವರ ಕೊಡಿ, ಇಲ್ಲದಿದ್ದರೆ ಬುಕಿಂಗ್ ರದ್ದು" ಎಂಬ ಮೆಸೇಜು ಬರಬಹುದು. ಅದರಲ್ಲಿ ನಿಮ್ಮ ಹೆಸರು, ತಾರೀಖು ಎಲ್ಲ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ವಂಚಕರು ಬುಕಿಂಗ್ ಆಪ್‌ನಲ್ಲಿರುವ ಹೋಟೆಲಿನ ಖಾತೆಗೇ ಕನ್ನ ಹಾಕಿರುತ್ತಾರೆ. ಆಪ್‌ನ ಒಳಗಿನಿಂದಲೇ ಬಂದರೂ ಲಿಂಕ್ ಮುಟ್ಟಬೇಡಿ. ಹೋಟೆಲಿಗೆ ನೀವೇ ಫೋನ್ ಮಾಡಿ ಕೇಳಿ.

ಕೌಂಟರಿನಲ್ಲಿ ನಿಂತಾಗ ರೂಮಿನ ನಂಬರನ್ನು ಜೋರಾಗಿ ಹೇಳಿದರೆ, ಸುತ್ತ ಜನ ಇದ್ದರೆ, ಬೇರೆ ರೂಮು ಕೊಡಿ ಅಂತ ಮೆಲ್ಲಗೆ ಕೇಳುತ್ತೇನೆ. ಒಳ್ಳೆಯ ರಿಸೆಪ್ಷನಿಸ್ಟ್ ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ನೆಲಮಹಡಿ ಬೇಡ ಎನ್ನುತ್ತೇನೆ, ಕಿಟಕಿ ಕೈಗೆಟಕುತ್ತದೆ. ತೀರಾ ಮೇಲಿನದೂ ಬೇಡ, ಬೆಂಕಿ ಬಿದ್ದರೆ ಅಗ್ನಿಶಾಮಕದವರ ಏಣಿ ಮುಟ್ಟುವ ಎತ್ತರಕ್ಕೊಂದು ಮಿತಿ ಇದೆ. ಎರಡನೆಯಿಂದ ಐದನೇ ಮಹಡಿಯೊಳಗೆ, ಲಿಫ್ಟಿಗೆ ಅಂಟಿಕೊಳ್ಳದ ರೂಮು ಸಿಕ್ಕರೆ ಸಾಕು. ಗುರುತಿನ ಚೀಟಿಯ ನಕಲು ಕೊಡಬೇಕಾದರೆ ಅದರ ಮೇಲೆ ಹೋಟೆಲಿನ ಹೆಸರು, ತಾರೀಖು ಅಡ್ಡಲಾಗಿ ಬರೆದೇ ಕೊಡುತ್ತೇನೆ. ಮುಂಗಡ ಠೇವಣಿಗೆ ಡೆಬಿಟ್ ಕಾರ್ಡ್ ಕೊಡುವುದಿಲ್ಲ. ಹಾಗೆ ಹಿಡಿದಿಟ್ಟ ಹಣ ಖಾತೆಗೆ ವಾಪಸಾಗಲು ಕೆಲವು ದಿನ ಬೇಕಾಗಬಹುದು, ಪ್ರಯಾಣದ ನಡುವೆ ಅದು ಕಷ್ಟ.

ರೂಮಿನೊಳಗೆ ಹೋದ ತಕ್ಷಣ ಬ್ಯಾಗನ್ನು ಹಾಸಿಗೆಯ ಮೇಲೆ ಇಡುವುದಿಲ್ಲ. ಮೊದಲು ಬಾತ್‌ರೂಮಿನ ಒಣ ನೆಲಕ್ಕೆ. ಕಾರಣ ತಿಗಣೆ. ತಲೆದಿಂಬಿನ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ, ಹಾಸಿಗೆಯ ಹೊಲಿಗೆಯ ಅಂಚನ್ನು ಎರಡು ಬೆರಳಿನಿಂದ ಬಿಡಿಸಿ, ಫೋನಿನ ಟಾರ್ಚನ್ನು ಹಾಸಿಗೆಗೆ ಒರಗಿಸಿದಂತೆ ಹಿಡಿಯುತ್ತೇನೆ. ಬೆಳಕು ಅಡ್ಡಲಾಗಿ ಬಿದ್ದರೆ ಮಡಿಕೆಯೊಳಗಿನದು ಚೆನ್ನಾಗಿ ಕಾಣುತ್ತದೆ. ಹುಡುಕಬೇಕಾದ್ದು ತಿಗಣೆಯನ್ನು ಮಾತ್ರವಲ್ಲ. ಶಾಯಿ ಪೆನ್ನಿನಿಂದ ಚುಕ್ಕಿ ಇಟ್ಟ ಹಾಗೆ ಸಣ್ಣ ಕಪ್ಪು ಕಲೆಗಳು ಸಾಲಾಗಿ ಇರುತ್ತವೆ. ಒದ್ದೆ ಟಿಶ್ಯೂನಿಂದ ಒರೆಸಿದರೆ ಕಲೆ ಕೆಂಪು ಕಂದಾಗಿ ಹರಡುತ್ತದೆ, ಅದು ಅವುಗಳ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಜೊತೆಗೆ ತೆಳ್ಳಗಿನ ಹೊಂಬಣ್ಣದ ಪೊರೆ ಕಾಣಬಹುದು. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ. ಅವು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ, ಹಾಗಾಗಿ ರೂಮು ಬಹಳ ದಿನ ಖಾಲಿ ಇತ್ತು ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಮಂಚದ ತಲೆಹಲಗೆಯ ಹಿಂಭಾಗಕ್ಕೂ ಒಮ್ಮೆ ಟಾರ್ಚ್ ಹಾಕಿ. ಕಂಡರೆ ಫೋಟೊ ತೆಗೆದು ಕೆಳಗೆ ಹೋಗಿ ರೂಮು ಬದಲಿಸಲು ಹೇಳುವುದು. ಪಕ್ಕದ, ಮೇಲಿನ, ಕೆಳಗಿನ ರೂಮು ಬೇಡ ಅಂತಲೂ ಹೇಳಬೇಕು, ಗೋಡೆಯ ಸಂದಿಯಲ್ಲಿ ಅವು ಅತ್ತಿಂದಿತ್ತ ಓಡಾಡುತ್ತವೆ.

ಮುಂದಿನದು ಬಾಗಿಲು. ಕಾರ್ಡಿನಿಂದ ತೆರೆಯುವ ಬೀಗವನ್ನು ಪೂರ್ತಿ ನಂಬಬಾರದು ಎಂಬುದಕ್ಕೆ ಆಧಾರ ಇದೆ. 2024ರ ಮಾರ್ಚ್‌ನಲ್ಲಿ ಭದ್ರತಾ ಸಂಶೋಧಕರು ಸಾಫ್ಲಾಕ್ ಎಂಬ ಬೀಗದಲ್ಲಿದ್ದ ದೋಷವನ್ನು ಬಹಿರಂಗ ಮಾಡಿದರು. ಅಂಥ ಬೀಗ ಜಗತ್ತಿನಲ್ಲಿ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಲ್ಲಿತ್ತು. ಕಂಪನಿ ಅಷ್ಟರಲ್ಲಾಗಲೇ ದುರಸ್ತಿ ಶುರು ಮಾಡಿತ್ತು, ಆದರೆ ಒಂದೊಂದು ಬಾಗಿಲನ್ನೂ ಸರಿಮಾಡುವ ಕೆಲಸ ನಿಧಾನ. ದೋಷ ಇಲ್ಲದಿದ್ದರೂ ಕೆಲವು ಬೀಗಗಳಲ್ಲಿ ಒಳಗಿನ ಬೋಲ್ಟ್ ಕೂಡ ಅದೇ ಯಂತ್ರಕ್ಕೆ ಸೇರಿರುತ್ತದೆ, ಸಿಬ್ಬಂದಿಯ ತುರ್ತು ಕಾರ್ಡಿಗೆ ಅದು ತೆರೆದುಕೊಳ್ಳುತ್ತದೆ. ಆದ್ದರಿಂದ ನನಗೆ ಬೇಕಾದ್ದು ಬೀಗಕ್ಕೆ ಸಂಬಂಧವಿಲ್ಲದ ಒಂದು ಚಿಲಕ ಅಥವಾ ಸರಪಳಿ. ಅದನ್ನು ಹಾಕಿ, ಬಾಗಿಲನ್ನು ಒಳಕ್ಕೆ ಎಳೆದು ನೋಡುತ್ತೇನೆ. ಸ್ಕ್ರೂ ಅಲ್ಲಾಡಿದರೆ ರೂಮು ಬದಲಿಸಲು ಕೇಳುತ್ತೇನೆ. ಬ್ಯಾಗಿನಲ್ಲಿ ಒಂದು ರಬ್ಬರ್ ಬೆಣೆ ಸದಾ ಇರುತ್ತದೆ. ಒಳಕ್ಕೆ ತೆರೆಯುವ ಬಾಗಿಲಿನ ಕೆಳಗೆ ಅದನ್ನು ಒತ್ತಿ ಕೂರಿಸಿದರೆ ಹೊರಗಿನಿಂದ ದೂಡುವುದು ಬಹಳ ಕಷ್ಟ. ಬೆಂಕಿ ಬಿದ್ದಾಗ ಕತ್ತಲಲ್ಲೂ ಅದನ್ನು ಕಿತ್ತು ತೆಗೆಯುವುದು ಗೊತ್ತಿರಬೇಕು, ಒಂದೆರಡು ಸಲ ಅಭ್ಯಾಸ ಮಾಡಿಕೊಳ್ಳಿ. ಕರೆಯದೆ ಯಾರಾದರೂ ಬಂದು "ರೂಮ್ ಸರ್ವಿಸ್" ಎಂದರೆ ಬಾಗಿಲು ತೆಗೆಯದೆ ರಿಸೆಪ್ಷನ್‌ಗೆ ಫೋನ್ ಮಾಡಿ ಕೇಳಿ. ಇದರಲ್ಲಿ ಸಂಕೋಚ ಬೇಡ.

ಬೆಂಕಿಯ ವಿಷಯ ಬಂದಿದ್ದರಿಂದ ಹೇಳುತ್ತೇನೆ. ರೂಮಿನಿಂದ ತುರ್ತು ಮೆಟ್ಟಿಲವರೆಗೆ ಒಮ್ಮೆ ನಡೆದು ಬರುತ್ತೇನೆ, ಗೋಡೆಗೆ ಕೈ ತಾಗಿಸಿಕೊಂಡು ಬಾಗಿಲು ಎಣಿಸುತ್ತಾ. "ಎಡಕ್ಕೆ, ನಾಲ್ಕು ಬಾಗಿಲು, ಆಮೇಲೆ ಮೆಟ್ಟಿಲು" ಅಂತ ಫೋನಿನಲ್ಲಿ ಬರೆದುಕೊಳ್ಳುತ್ತೇನೆ. ಹೊಗೆ ಮೇಲಿನಿಂದ ತುಂಬುತ್ತಾ ಬರುತ್ತದೆ, ಬಾಗಿಲ ಮೇಲಿನ ಬೋರ್ಡು ಕಾಣುವುದೇ ಇಲ್ಲ. ಆಗ ನೆಲಕ್ಕೆ ಬಾಗಿ, ಬಾಗಿಲುಗಳನ್ನು ಕೈಯಿಂದ ಎಣಿಸಿಕೊಂಡೇ ಹೋಗಬೇಕಾಗುತ್ತದೆ. ಕಡಿಮೆ ದರದ ಹೋಟೆಲಿನಲ್ಲಿ ಆ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿರುವುದು, ಹಳೇ ಹಾಸಿಗೆ ಒಟ್ಟಿರುವುದು ಕಂಡರೆ ನಾನು ಅಲ್ಲಿ ಮಲಗುವುದಿಲ್ಲ. ಕಟ್ಟಿದ ದುಡ್ಡು ಹೋದರೂ ಹೋಗಲಿ.

ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಗಾಳಿ ಆಡಲು ತೆರೆದ ಕಿಟಕಿ ಇದೆಯಾ ನೋಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಬ್ಬರೇ ಇದ್ದಾಗ ತಲೆಸುತ್ತಿ ಬಿದ್ದರೆ ಗೊತ್ತಾಗುವುದು ಯಾರಿಗೆ? ಕಿಟಕಿ ಇಲ್ಲದಿದ್ದರೆ ಬಕೆಟಿಗೆ ಬಿಸಿನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಹೊರಹೋಗಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗುತ್ತೇನೆ.

ಇಷ್ಟೆಲ್ಲ ಮಾಡಿದರೂ ಮೊದಲ ರಾತ್ರಿ ನಿದ್ದೆ ಅರೆಬರೆಯೇ. ಅದು ಹೆದರಿಕೆ ಅಂತ ಬೇಸರ ಮಾಡಿಕೊಳ್ಳಬೇಕಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡ ಅರ್ಧ ಬಲ ಅರ್ಧದಷ್ಟು ಆಳಕ್ಕೆ ಇಳಿಯುವುದಿಲ್ಲ, ಅಪರಿಚಿತ ಸದ್ದಿಗೆ ಬೇಗ ಸ್ಪಂದಿಸುತ್ತದೆ ಎಂದು ಕಂಡುಬಂತು. ಹಾಗಾಗಿ ಮಾರನೇ ದಿನ ಬೆಳಿಗ್ಗೆ ಮುಖ್ಯವಾದ ಕೆಲಸ ಇದ್ದರೆ, ಸಾಧ್ಯವಾದಾಗ ಒಂದು ರಾತ್ರಿ ಮುಂಚೆಯೇ ಹೋಗಿಬಿಡುತ್ತೇನೆ. ಹತ್ತಿಯ ಇಯರ್‌ಪ್ಲಗ್‌ಗಿಂತ ಫೋಮಿನದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಾನು ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ, ಬೆಂಕಿಯ ಅಲಾರಂ ಕೇಳಿಸಬೇಕಲ್ಲ.

ಹೋಟೆಲಿನ ಹೆಸರು, ರೂಮಿನ ನಂಬರು, ರಿಸೆಪ್ಷನ್ ಫೋನು ಇಷ್ಟನ್ನೂ ತಂಗಿಗೆ ಕಳಿಸಿರುತ್ತೇನೆ. ಬೆಳಿಗ್ಗೆ ಎದ್ದು ಒಂದು ಮೆಸೇಜ್ ಹಾಕುವುದು ನಮ್ಮಿಬ್ಬರ ಒಪ್ಪಂದ. ಒಂಬತ್ತು ಗಂಟೆಯೊಳಗೆ ಬರದಿದ್ದರೆ ಅವಳು ನನಗಲ್ಲ, ನೇರವಾಗಿ ರಿಸೆಪ್ಷನ್‌ಗೆ ಫೋನ್ ಮಾಡುತ್ತಾಳೆ.

ಹೊರಡುವಾಗ ಚಾರ್ಜರ್ ಹಾಕಿದ್ದ ಪ್ಲಗ್ಗು, ದಿಂಬಿನ ಕೆಳಗೆ, ಬಾತ್‌ರೂಮಿನ ಬಾಗಿಲ ಹಿಂದಿನ ಕೊಕ್ಕೆ ನೋಡಿಕೊಂಡು ಬಿಲ್ಲು ಕೇಳಿ ಪಡೆಯುತ್ತೇನೆ. ರಿವ್ಯೂ ಅದೇ ದಿನ ಬರೆಯುತ್ತೇನೆ: ಒಬ್ಬಳೇ ಉಳಿದಿದ್ದೆ, ಒಳಗಿನಿಂದ ಬೇರೆ ಚಿಲಕ ಇದೆ, ರಾತ್ರಿ ಕೌಂಟರಿನಲ್ಲಿ ಆಳು ಇರುತ್ತಾರೆ, ಬಿಸಿನೀರು ಇಷ್ಟು ಹೊತ್ತಿಗೆ ಬರುತ್ತದೆ, ಹಿಂದಿನ ಸಾಲಿನ ರೂಮುಗಳಲ್ಲಿ ಸದ್ದು ಕಡಿಮೆ.