ಯೀಸ್ಟ್ ಹೊರಬಿಡುವ ಆಮ್ಲ ಮತ್ತು ಜೀನ್ ಅಭಿವ್ಯಕ್ತಿ: ಎರಡನ್ನೂ ಒಂದೇ ಫ್ಲಾಸ್ಕಿನಲ್ಲಿ ಅಳೆಯುವ ಬಗೆ

ಸ್ಯಾಕರೋಮೈಸಿಸ್ ಸೆರೆವಿಸಿಯೆ ಯೀಸ್ಟ್ ಬೆಳೆಯುತ್ತಾ ಸಕ್ಸಿನಿಕ್, ಅಸಿಟಿಕ್, ಪೈರುವಿಕ್, ಮ್ಯಾಲಿಕ್ ಆಮ್ಲಗಳನ್ನು ಹೊರಬಿಡುತ್ತದೆ. ಇದನ್ನು ಜೀನ್‌ಗಳ ಏರಿಳಿತದೊಂದಿಗೆ ಹೋಲಿಸುವಾಗ ಆಗುವ ದೊಡ್ಡ ತಪ್ಪು ಒಂದೇ. ಜೀನಿನಿಂದ ನಕಲಾಗುವ ಸಂದೇಶ ಅಣು, ಅಂದರೆ ಎಂಆರ್‌ಎನ್‌ಎ, ಆ ಗಳಿಗೆಯದು; ದ್ರಾವಣದಲ್ಲಿರುವ ಆಮ್ಲ ಮೊದಲಿನಿಂದ ಜಮೆಯಾದ ಮೊತ್ತ. ಕೆರೆಯ ಮಟ್ಟ ನೋಡಿ ಕಾಲುವೆಯಲ್ಲಿ ಈಗ ಎಷ್ಟು ನೀರು ಹರಿಯುತ್ತಿದೆ ಎಂದು ಹೇಳಲಾಗದು. ಆದ್ದರಿಂದ ಗಂಟೆಗೊಮ್ಮೆ, ಕನಿಷ್ಠ ನಾಲ್ಕು ಸಲ ಮಾದರಿ ತೆಗೆಯಿರಿ.

ಯೀಸ್ಟ್ ಸಾರ, ಪೆಪ್ಟೋನ್, ಗ್ಲೂಕೋಸ್ ಬೆರೆಸಿದ ವೈಪಿಡಿ ಮಾಧ್ಯಮ ಬೇಡ, ಅದರ ಯೀಸ್ಟ್ ಸಾರದಲ್ಲೇ ಸಾವಯವ ಆಮ್ಲಗಳಿರುತ್ತವೆ. ಲೀಟರಿಗೆ ಅಮೋನಿಯಂ ಸಲ್ಫೇಟ್ ಸೇರಿದ ವೈಎನ್‌ಬಿ (ಯೀಸ್ಟ್ ನೈಟ್ರೋಜನ್ ಬೇಸ್) ಪುಡಿ 6.7 ಗ್ರಾಂ, ಗ್ಲೂಕೋಸ್ 20 ಗ್ರಾಂ ಹಾಕಿ. ಪ್ರಯೋಗಾಲಯದ ಬಿವೈ4741 ತಳಿಗೆ ಹಿಸ್ಟಿಡಿನ್, ಲ್ಯೂಸಿನ್, ಮೆಥಿಯೋನಿನ್, ಯುರಾಸಿಲ್ ಕೂಡ ಬೇಕು. ಪಿಎಚ್ ಸ್ಥಿರವಾಗಿಡಲು ಸಿಟ್ರೇಟ್ ಅಥವಾ ಸಕ್ಸಿನೇಟ್ ಬಫರ್ ಬಳಸಿದರೆ ಅಳೆಯಬೇಕಾದುದನ್ನೇ ಸುರಿದಂತಾಗುತ್ತದೆ.

250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ. ಹಾಕಿ, ಒಡಿ (ಕೋಶಗಳ ದಟ್ಟಣೆ ಸೂಚಿಸುವ ಮಸುಕಿನ ಅಳತೆ) 0.1ರಿಂದ ಆರಂಭಿಸಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಮಿಷಕ್ಕೆ 200 ಸುತ್ತಿನಂತೆ ಅಲುಗಾಡಿಸಿ. ಒಡಿ 0.5 ಮುಟ್ಟಿದಾಗ ಮೊದಲ ಮಾದರಿ. ಗ್ಲೂಕೋಸ್ ಮುಗಿಯುವ ಮೊದಲೇ ಕೊನೆಯದು ಆಗಲಿ: ಅದು ಮುಗಿದರೆ ಎಸಿಎಸ್1, ಜೆಇಎನ್1ನಂಥ ಅದುಮಿಟ್ಟ ಜೀನ್‌ಗಳು ತೆರೆದುಕೊಳ್ಳುತ್ತವೆ, ಕೋಶಗಳು ಹೊರಬಿಟ್ಟ ಅಸಿಟೇಟನ್ನು ಮತ್ತೆ ಬಳಸತೊಡಗುತ್ತವೆ.

ಪಿಎಚ್ ಇಳಿಯಿತೆಂದು ಆಮ್ಲ ಹೆಚ್ಚಾಯಿತು ಎನ್ನಬೇಡಿ. ಅಮೋನಿಯಂ ಹೀರುವಾಗ ಕೋಶ ಪ್ರೋಟಾನ್ ಹೊರತಳ್ಳುತ್ತದೆ, ಕೋಶಪೊರೆಯ ಪಿಎಂಎ1 ಪಂಪು ಅದನ್ನೇ ಮಾಡುತ್ತದೆ; ಇದರಿಂದಲೂ ಪಿಎಚ್ ಇಳಿಯುತ್ತದೆ. ಬಣ್ಣ ಬದಲಿಸುವ ಸೂಚಕ ತಟ್ಟೆಗಳನ್ನು ಮೊದಲ ಸುತ್ತಿನ ಆಯ್ಕೆಗೆ ಮಾತ್ರ ಇಟ್ಟುಕೊಳ್ಳಿ.

ಪ್ರತಿ ಸಲವೂ 1 ಮಿ.ಲೀ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ದ್ರವವನ್ನು 0.22 ಮೈಕ್ರೋಮೀಟರ್ ಶೋಧಕದಲ್ಲಿ ಸೋಸಿ, ಮೈನಸ್ 20ರಲ್ಲಿಡಿ. ಜೊತೆಗೆ 10 ಮಿ.ಲೀ. ತ್ವರಿತವಾಗಿ ಶೋಧಿಸಿ, ಕೋಶಗಳು ಅಂಟಿದ ಶೋಧಕ ಪೊರೆಯನ್ನೇ ದ್ರವ ಸಾರಜನಕಕ್ಕೆ ಹಾಕಿ. ಇಲ್ಲಿ ತಡವಾದರೆ ಕೆಲಸವೆಲ್ಲ ವ್ಯರ್ಥ. ಯೀಸ್ಟಿನ ಅನೇಕ ಎಂಆರ್‌ಎನ್‌ಎಗಳ ಅರ್ಧಾಯುಷ್ಯ ಕೆಲವೇ ನಿಮಿಷ.

ಆಮ್ಲಗಳಿಗೆ ಎಚ್‌ಪಿಎಲ್‌ಸಿ (ದ್ರವದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ): ಅಮಿನೆಕ್ಸ್ ಎಚ್‌ಪಿಎಕ್ಸ್-87ಎಚ್ ಕಾಲಂ, 5 ಮಿಲಿಮೋಲಾರ್ ಸಲ್ಫ್ಯೂರಿಕ್ ಆಮ್ಲ, ನಿಮಿಷಕ್ಕೆ 0.6 ಮಿ.ಲೀ., 60 ಡಿಗ್ರಿ, ಪತ್ತೆಗೆ 210 ನ್ಯಾನೋಮೀಟರ್ ತರಂಗಾಂತರದ ಬೆಳಕು. ಫ್ಯೂಮರಿಕ್ ಆಮ್ಲ ಇಲ್ಲಿ ಬಲವಾಗಿ ಬೆಳಕು ಹೀರುವುದರಿಂದ ಅದರ ಪೀಕ್ ಎತ್ತರವನ್ನು ಸಕ್ಸಿನಿಕ್ ಪೀಕಿನ ಜೊತೆ ನೇರ ಹೋಲಿಸುವಂತಿಲ್ಲ. ಪ್ರತಿ ಆಮ್ಲಕ್ಕೂ ಬೇರೆ ಮಾಪನ ರೇಖೆ ಎಳೆಯಿರಿ.

ಆರ್‌ಎನ್‌ಎಯನ್ನು 65 ಡಿಗ್ರಿಯ ಆಮ್ಲೀಯ ಫೀನಾಲ್‌ನಲ್ಲಿ ತೆಗೆಯಿರಿ, ಫ್ಯೂಮ್ ಹುಡ್ ಒಳಗೇ. ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸ್ ಹಂತ ಬಿಡಬೇಡಿ: ಯೀಸ್ಟಿನ ಹೆಚ್ಚಿನ ಜೀನ್‌ಗಳಲ್ಲಿ ಇಂಟ್ರಾನ್ (ಎಂಆರ್‌ಎನ್‌ಎಯಲ್ಲಿ ಉಳಿಯದ ತುಣುಕು) ಇಲ್ಲ, ಆದ್ದರಿಂದ ಎಂಆರ್‌ಎನ್‌ಎ ಅಳೆಯುವ ಪಿಸಿಆರ್‌ನಲ್ಲಿ ಉಳಿದ ಡಿಎನ್‌ಎಯನ್ನೂ ಪ್ರೈಮರ್ ಹೆಚ್ಚಿಸಿ ತೋರಿಸುತ್ತದೆ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಹಾಕದ ನಿಯಂತ್ರಣ ಮಾದರಿ ಪ್ರತಿ ತಟ್ಟೆಯಲ್ಲೂ ಇರಲಿ. ಹೋಲಿಕೆಯ ಆಧಾರ ಜೀನ್ ಆಗಿ ಎಸಿಟಿ1 ಒಂದನ್ನೇ ನಂಬದೆ ಟಿಎಎಫ್10 ಅಥವಾ ಎಎಲ್‌ಜಿ9 ಕೂಡ ಸೇರಿಸಿ.

ಲೆಕ್ಕ ಹೀಗೆ: ಎರಡು ಮಾದರಿಗಳ ನಡುವೆ ಹೆಚ್ಚಿದ ಆಮ್ಲವನ್ನು ಆ ಅವಧಿಯ ಕೋಶಗಳ ಸರಾಸರಿ ಒಣತೂಕ ಮತ್ತು ಗಂಟೆಗಳಿಂದ ಭಾಗಿಸಿ. ಆ ದರವನ್ನೇ ಎಂಆರ್‌ಎನ್‌ಎ ಮಟ್ಟದ ಜೊತೆಗಿಡಿ, ಮೂರು ಬೇರೆ ಬೇರೆ ಕಲ್ಚರ್‌ಗಳಲ್ಲಿ. ವಿಧಾನದ ಪರೀಕ್ಷೆಗೆ ಫ್ಯೂಮರಿಕ್ ಆಮ್ಲವನ್ನು ಮ್ಯಾಲಿಕ್ ಆಗಿಸುವ ಕಿಣ್ವದ ಜೀನ್ ಎಫ್‌ಯುಎಂ1 ಅಳಿಸಿದ ತಳಿಯನ್ನೂ ಜೊತೆಗೆ ಬೆಳೆಸಿ. ಅದು ಫ್ಯೂಮರಿಕ್ ಆಮ್ಲ ಹೊರಬಿಡುತ್ತದೆ. ಆ ಪೀಕ್ ಕಾಣದಿದ್ದರೆ ತಳಿಯನ್ನೋ ಕಾಲಂ ಅನ್ನೋ ಮೊದಲು ಸರಿಪಡಿಸಿಕೊಳ್ಳಿ.