ಫ್ಲಶ್ ಟ್ಯಾಂಕ್ ತುಂಬಲು 18 ನಿಮಿಷ

ಹಾಸನಾಂಬೆ ಗುಡಿಯ ಬಾಗಿಲು ತೆಗೆದರು ಅಂದರೆ ಹಾಸನದಲ್ಲಿ ನಮ್ಮಂಥವರ ಮನೆ ಬಾಗಿಲೂ ತೆಗೆದ ಹಾಗೆ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ದರ್ಶನ. ಹಾಗಾಗಿ ವರ್ಷವೆಲ್ಲ ಫೋನ್ ಮಾಡದ ನೆಂಟರೂ ಆ ವಾರ ಬ್ಯಾಗ್ ಹಿಡಿದು ಬರುತ್ತಾರೆ. ಕಳೆದ ಸಲ ಸಾಲಗಾಮೆ ರಸ್ತೆಯ ನಮ್ಮ ಮನೆಯಲ್ಲಿ 11 ಜನ ಇದ್ದರು. ಇರುವುದು ಒಂದೇ ಟಾಯ್ಲೆಟ್. ಬೆಳಗಿನ ಜಾವ 4 ಗಂಟೆಗೆಲ್ಲ ಹೊರಡಬೇಕು ಅಂತ ಎಲ್ಲರೂ ಒಟ್ಟಿಗೇ ಎದ್ದರು. ಒಬ್ಬರು ಹೋಗಿ ಬಂದರೆ ಫ್ಲಶ್ ಟ್ಯಾಂಕ್ ಮತ್ತೆ ತುಂಬುವುದೇ ಇಲ್ಲ. ‘ಅಲ್ಲಿ ಸಾಲು ನಿಲ್ಲೋದು ಇದ್ದಿದ್ದೇ ಭಾವ, ಇಲ್ಲೂ ಸಾಲಾ?’ ಅಂದ ಹೆಂಡತಿಯ ತಮ್ಮ. ಅಮ್ಮ ಬಾಗಿಲ ಹೊರಗೆ ಎರಡು ಬಕೆಟ್ ನೀರು ತುಂಬಿಟ್ಟು ಮಾನ ಉಳಿಸಿದರು.

ನೆಂಟರೆಲ್ಲ ಹೋದ ಮೇಲೆ ಒಂದು ಸಲ ಫ್ಲಶ್ ಮಾಡಿ, ಮೊಬೈಲಿನಲ್ಲಿ ಟೈಮ್ ಇಟ್ಟೆ. 10 ಲೀಟರಿನ ಟ್ಯಾಂಕ್ ತುಂಬಲು 18 ನಿಮಿಷ ಹಿಡಿಯಿತು. ಮೊದಲೆಲ್ಲ ಕೈಕಾಲು ತೊಳೆದು ಬರುವಷ್ಟರಲ್ಲಿ ತುಂಬಿರುತ್ತಿತ್ತು.

ಪ್ಲಂಬರ್ ಕರೆಸಿದೆ. ಅವರು ಟ್ಯಾಂಕಿನ ಮುಚ್ಚಳ ಕೂಡ ತೆಗೆಯಲಿಲ್ಲ. ಒಂದು ಸಲ ಫ್ಲಶ್ ಒತ್ತಿ, ಸದ್ದು ಕೇಳಿ, ‘ಪ್ರೆಶರ್ ಇಲ್ಲ ಸಾರ್, ಮೇಲೆ ಪ್ರೆಶರ್ ಪಂಪ್ ಹಾಕ್ಸಿಬಿಡಿ’ ಅಂದರು. ಸಾವಿರಾರು ರೂಪಾಯಿ ಮಾತು. ‘ಯೋಚನೆ ಮಾಡಿ ಹೇಳ್ತೀನಿ’ ಅಂತ ಕಳಿಸಿದೆ.

ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನೀರಿನ ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಪ್ರೆಶರ್ ಸಿಗುತ್ತದೆ. ನಮ್ಮ ಸಿಂಟೆಕ್ಸ್ ಇರುವುದು ಮೆಟ್ಟಿಲ ರೂಮಿನ ಮೇಲೆ. ಅಲ್ಲಿಂದ ಫ್ಲಶ್ ಟ್ಯಾಂಕಿಗೆ 5 ಮೀಟರ್ ಇದ್ದರೆ ಹೆಚ್ಚು. ಅಂದರೆ ಸಿಗುವುದು ಅರ್ಧ ಕೆ.ಜಿ. ಮಾತ್ರ, ಕಡಿಮೆಯೇ. ಆದರೆ 12 ವರ್ಷದಿಂದಲೂ ಅಷ್ಟೇ ಇತ್ತಲ್ವಾ? ಸಿಂಟೆಕ್ಸ್ ಏನು ಹೋದ ತಿಂಗಳು ಮೆಟ್ಟಿಲಿಳಿದು ಬಂತಾ?

ಅದಕ್ಕೇ ಮೊದಲು ಬಕೆಟ್ ಪರೀಕ್ಷೆ ಮಾಡಿದೆ. ಈ ಇಡೀ ಕತೆಯಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಇದೊಂದೇ. ಗೋಡೆಯಲ್ಲಿರುವ ಆ್ಯಂಗಲ್ ಕಾಕ್ (ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿ) ಮುಚ್ಚಿದೆ. ಅಲ್ಲಿಂದ ಟ್ಯಾಂಕಿಗೆ ಹೋಗುವ ಕನೆಕ್ಷನ್ ಪೈಪನ್ನು ಟ್ಯಾಂಕಿನ ಕಡೆ ಮಾತ್ರ ಬಿಚ್ಚಿ, ಬಾಯಿಯನ್ನು 10 ಲೀಟರಿನ ಬಕೆಟ್ಟಿಗೆ ಇಳಿಬಿಟ್ಟು ಕಾಕ್ ತಿರುಗಿಸಿದೆ. ನಿಧಾನಕ್ಕೆ ತಿರುಗಿಸಿ, ಪೈಪನ್ನು ಕೈಯಲ್ಲಿ ಹಿಡಿದಿರಿ. ನಾನು ಹಿಡಿಯದೆ ಒಮ್ಮೆಲೇ ತಿರುಗಿಸಿದೆ. ಅದು ಹಾವಿನಂತೆ ಎದ್ದು ನನ್ನ ಮುಖಕ್ಕೇ ನೀರು ಹೊಡೆಯಿತು.

ಬಕೆಟ್ ತುಂಬಿದ್ದು 1 ನಿಮಿಷ 25 ಸೆಕೆಂಡಿಗೆ. ನೀರು ಟ್ಯಾಂಕಿನ ಹೊಸ್ತಿಲ ತನಕ ಚೆನ್ನಾಗೇ ಬರುತ್ತಿದೆ, ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಅಷ್ಟೇ ಅಂತ ಗೊತ್ತಾಯಿತು. ಪಂಪಿನ ಮಾತು ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ ಬಕೆಟ್ಟೂ ನಿಧಾನಕ್ಕೇ ತುಂಬಿದರೆ ಟ್ಯಾಂಕ್ ಬಿಚ್ಚಲು ಹೋಗಬೇಡಿ. ಆ್ಯಂಗಲ್ ಕಾಕ್ ಅರ್ಧ ಮುಚ್ಚಿದೆಯಾ, ಕನೆಕ್ಷನ್ ಪೈಪ್ ಮಡಚಿದೆಯಾ, ಮೇಲೆ ಸಿಂಟೆಕ್ಸ್ ಪೈಪಿನ ನೀರು ನಿಲ್ಲಿಸುವ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ.

ಟ್ಯಾಂಕಿಗೆ ನೀರು ಹೋಗುವ ಆ ಪ್ಲಾಸ್ಟಿಕ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಪೆನ್ನಿನ ಮುಚ್ಚಳದಂಥ ಒಂದು ಸಣ್ಣ ಜಾಲರಿ ಇತ್ತು. ಹೆಂಡತಿ ಹುಬ್ಬಿಗೆ ಬಳಸುವ ಚಿಮಟ ತಂದು ಎಳೆದೆ (ಇದನ್ನು ಅವಳಿಗೆ ಇನ್ನೂ ಹೇಳಿಲ್ಲ). ಜಾಲರಿ ಕಾಣುತ್ತಲೇ ಇರಲಿಲ್ಲ. ತಳ ಹಿಡಿದ ರಾಗಿ ಅಂಬಲಿಯಂಥ ಕೆಸರು ಸುತ್ತಲೂ ಮೆತ್ತಿತ್ತು. ಅದರೊಳಗೆ ಪೈಪ್ ಜೋಡಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪಿನ ಎಳೆ ಶಾವಿಗೆಯ ಹಾಗೆ ಸುತ್ತಿಕೊಂಡಿತ್ತು. ಪೈಪ್ ಕೊಯ್ದಾಗ ಉದುರಿದ ಪ್ಲಾಸ್ಟಿಕ್ ಚೂರುಗಳೂ ಇದ್ದವು.

ಆಗ ನೆನಪಾಯಿತು. ನೆಂಟರು ಬರುತ್ತಾರೆ ಅಂತ 10 ದಿನ ಮುಂಚೆ ಸಿಂಟೆಕ್ಸ್ ತೊಳೆಸಿದ್ದೆ. ನಮಗೆ ಗೊರೂರಿನಿಂದ ಬರುವ ಹೇಮಾವತಿ ನೀರು, ಅದು ಸಾಲದಿದ್ದರೆ ಬೋರ್‌ವೆಲ್. ಮಳೆಗಾಲದ ಕೆಸರು ಸುಮ್ನೆ ತಳದಲ್ಲಿ ಮಲಗಿತ್ತು. ತೊಳೆಯುವಾಗ ಕೆಳಗೆ ಹೋಗುವ ಪೈಪಿನ ಬಾಯಿಗೆ ಬಟ್ಟೆ ತುರುಕಿರಲಿಲ್ಲ. ಕಲಕಿದ್ದೆಲ್ಲ ಇಳಿದು ಬಂದು ಈ ಜಾಲರಿಯಲ್ಲಿ ಕೂತಿತ್ತು. ಸ್ವಚ್ಛ ಮಾಡಿಸಲು ಹೋಗಿ ನಾನೇ ತಂದುಕೊಂಡ ತೊಂದರೆ.

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕೆಸರು ಹೋಯಿತು. ಬೋರ್ ನೀರಿನ ಬಿಳಿ ಉಪ್ಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಒಂದು ಲೋಟ ಬೆಚ್ಚಗಿನ ನೀರಿಗೆ 2 ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ಅರ್ಧ ಗಂಟೆ ನೆನೆಸಿದೆ. ಸಣ್ಣ ಸಣ್ಣ ಗುಳ್ಳೆ ಏಳುತ್ತಾ ಅದೂ ಬಿಟ್ಟಿತು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಹಾಕಬೇಡಿ. ಒಳಗಿನ ರಬ್ಬರ್ ಹಾಳಾಗುತ್ತದೆ.

ಮತ್ತೆ ಜೋಡಿಸಿ ಟೈಮ್ ನೋಡಿದೆ. 7 ನಿಮಿಷ. ಖುಷಿಯಾಯಿತು, ಸಮಾಧಾನ ಆಗಲಿಲ್ಲ. ಬಕೆಟ್ ಒಂದೂವರೆ ನಿಮಿಷದಲ್ಲಿ ತುಂಬುತ್ತದೆ, ಇದಕ್ಕೇಕೆ 7?

ಜಾಲರಿಗೆ ಸಿಕ್ಕದ ನಯವಾದ ಮರಳು ಮುಂದೆ ಟ್ಯಾಂಕಿನೊಳಗಿನ ವಾಲ್ವಿಗೆ (ಟ್ಯಾಂಕ್ ತುಂಬಿದ ಮೇಲೆ ನೀರು ನಿಲ್ಲಿಸುವ ಭಾಗ) ಹೋಗಿರಬೇಕು ಅನ್ನಿಸಿತು. ಕಾಕ್ ಮುಚ್ಚಿ, ಒಂದು ಕೈಯಲ್ಲಿ ವಾಲ್ವಿನ ಮೈ ಗಟ್ಟಿಯಾಗಿ ಹಿಡಿದು, ಇನ್ನೊಂದರಲ್ಲಿ ಮೇಲಿನ ಮುಚ್ಚಳ ಕಾಲು ಸುತ್ತು ತಿರುಗಿಸಿದೆ. ಮೈ ಹಿಡಿಯದಿದ್ದರೆ ಇಡೀ ವಾಲ್ವ್ ತಿರುಗಿ, ಟ್ಯಾಂಕಿನ ಕೆಳಗೆ ಸೋರಲು ಶುರುವಾಗುತ್ತದೆ. ಮುಚ್ಚಳದ ಕೆಳಗೆ ಒಂದು ಕಪ್ಪು ರಬ್ಬರ್ ಬಿಲ್ಲೆ. ಅದರ ಕೆಳಗಿನ ತೂತಿನ ಸುತ್ತ ಮರಳು. ಬಿಲ್ಲೆ ತೊಳೆದು ಪಕ್ಕಕ್ಕಿಟ್ಟೆ. ಬಿಚ್ಚಿದ ವಾಲ್ವಿನ ಮೇಲೆ ಸ್ಟೀಲ್ ಚೊಂಬು ಬೋರಲು ಹಾಕಿ ಅದುಮಿ ಹಿಡಿದು, ಕಾಕ್ ಹತ್ತು ಸೆಕೆಂಡ್ ಬಿಟ್ಟೆ. ಉಳಿದ ಕಸವನ್ನು ನೀರೇ ಹೊರಗೆ ತಳ್ಳಿತು. ಚೊಂಬು ಇಲ್ಲದಿದ್ದರೆ ಸೀಲಿಂಗ್ ಕೂಡ ತೊಳೆದಂತಾಗುತ್ತಿತ್ತು. ‘ಆ ಚೊಂಬು ಇನ್ನು ಅಡುಗೆಮನೆಗೆ ತರಬೇಡ ಮಗ’ ಅಂದರು ಅಮ್ಮ.

ಈ ಸಲ 3 ನಿಮಿಷ 40 ಸೆಕೆಂಡ್. ಬಕೆಟ್ಟಿನಷ್ಟು ಬೇಗ ಆಗುವುದಿಲ್ಲ, ವಾಲ್ವಿನ ತೂತೇ ಸಣ್ಣದು. ಕೆಲವು ವಾಲ್ವ್‌ಗಳಲ್ಲಿ ನೀರಿನ ಓಟ ತಗ್ಗಿಸುವ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡೂ ಇರುತ್ತದೆ. ಅದು ಪ್ರೆಶರ್ ಜಾಸ್ತಿ ಇರುವ ಕಡೆಗೆ. ಪ್ರೆಶರ್ ಕಡಿಮೆ ಇರುವ ನಮ್ಮಂಥವರ ಮನೆಗೆ ಬೇಡ. ನನ್ನದರಲ್ಲಿ ಇರಲಿಲ್ಲ.

ಅಂಗಡಿಯವರು ‘ಜಾಲರಿ ತೆಗೆದು ಬಿಸಾಕಿ ಸಾರ್, ಮತ್ತೆ ಕಟ್ಟೋದೇ ಇಲ್ಲ’ ಅಂದರು. ನಾನು ಒಪ್ಪಲಿಲ್ಲ. ಜಾಲರಿ ಇಲ್ಲದಿದ್ದರೆ ಕಸವೆಲ್ಲ ರಬ್ಬರ್ ಕೆಳಗೆ ಸೇರುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ ರಾತ್ರಿಯಿಡೀ ನೀರು ಸೋರಿ ಸಿಂಟೆಕ್ಸ್ ಖಾಲಿಯಾಗುತ್ತದೆ. ವರ್ಷಕ್ಕೊಮ್ಮೆ ತೊಳೆಯುವುದು ಅದಕ್ಕಿಂತ ಸುಲಭ.

ಅಂಗಡಿಗೆ ಹೋಗಿದ್ದು ವಾಷರ್ ತರಲು. ಕನೆಕ್ಷನ್ ಪೈಪಿನ ಹಳೇ ವಾಷರ್ ಚಪ್ಪಟೆಯಾಗಿ ತೊಟ್ಟಿಕ್ಕುತ್ತಿತ್ತು. ಮೊದಲು ಅದಕ್ಕೆ ಮೂರು ಸುತ್ತು ಟೆಫ್ಲಾನ್ ಸುತ್ತಿ ಪೆದ್ದನಾದೆ. ಅಲ್ಲಿ ನೀರು ತಡೆಯುವುದು ವಾಷರ್, ಟೇಪ್ ಅಲ್ಲ. ಹೊಸ ವಾಷರ್ ಹಾಕಿ ಕೈಯಲ್ಲೇ ಬಿಗಿ ಮಾಡಿದೆ, ನಿಂತಿತು. ಪ್ಲಾಸ್ಟಿಕ್ ಮರೆಗೆ (ಥ್ರೆಡ್‌ಗೆ) ಸ್ಪ್ಯಾನರ್ ಹಾಕಿದರೆ ಸೀಳುತ್ತದೆ.

ಈಗ ಉಳಿದಿರುವುದು ಆ್ಯಂಗಲ್ ಕಾಕ್. 12 ವರ್ಷ ಯಾರೂ ಮುಟ್ಟದ ಅದನ್ನು ಒಂದೇ ದಿನ ನಾಲ್ಕು ಸಲ ತಿರುಗಿಸಿದ್ದಕ್ಕೆ ಹಿಡಿಯ ಬುಡದಲ್ಲಿ ಜಿನುಗುತ್ತಿದೆ. ಅಮ್ಮ ಆ ಚೊಂಬನ್ನೇ ಕೆಳಗಿಟ್ಟಿದ್ದಾರೆ. ಹೊಸ ಕಾಕ್ ತಂದಿಟ್ಟು ಎರಡು ವಾರವಾಯಿತು. ಅದನ್ನು ಹಾಕಬೇಕಾದರೆ ಮೇಲಿನ ಗೇಟ್ ವಾಲ್ವ್ ಮುಚ್ಚಬೇಕು. ಆ ಗೇಟ್ ವಾಲ್ವ್ ತಿರುಗುತ್ತಿಲ್ಲ.